ಬಿಸಿಲೂರಿನ ಹೊಸ ಲಾನ್‌ಗೆ ಯಾವ ಹುಲ್ಲಿನ ಬೀಜ?

ಪ್ರಶ್ನೆ: ಮನೆಯ ಸುತ್ತ ಸುಮಾರು 120 ಚದರ ಮೀಟರ್ ಖಾಲಿ ಜಾಗ ಇದೆ. ಅದರಲ್ಲಿ ಮೂರನೇ ಒಂದು ಪಾಲು ದೊಡ್ಡ ಮರದ ಕೆಳಗೆ ಬರುತ್ತದೆ. ಉಳಿದ ಜಾಗಕ್ಕೆ ದಿನವಿಡೀ ಬಿಸಿಲು. ಬೇಸಿಗೆಯಲ್ಲಿ ಉಷ್ಣಾಂಶ 38–40 ಡಿಗ್ರಿ ಸೆಲ್ಸಿಯಸ್ ತನಕ ಹೋಗುತ್ತದೆ. ಮಕ್ಕಳು ಅಲ್ಲೇ ಆಡಬೇಕು, ನಾಯಿಯೂ ಇದೆ. ‘ಬಿಸಿಲು, ನೆರಳು ಎರಡಕ್ಕೂ ಸೈ’ ಎಂದು ಬರೆದ ಮಿಶ್ರ ಬೀಜದ ಪ್ಯಾಕೆಟ್ ನೋಡಿದ್ದೇನೆ. ಅದನ್ನೇ ತರಲೇ? ಎಷ್ಟು ಬೇಕಾಗುತ್ತದೆ, ಯಾವಾಗ ಬಿತ್ತಬೇಕು?

ಉತ್ತರ: ಆ ಪ್ಯಾಕೆಟ್ ತರಬೇಡಿ. ಬಿಸಿಲು ಬೀಳುವ 80 ಚದರ ಮೀಟರ್‌ಗೆ ಬರ್ಮುಡಾ ಹುಲ್ಲಿನ ಬೀಜ ತನ್ನಿ. ಹೊಟ್ಟು ತೆಗೆದ ಬೀಜವೇ ಇರಲಿ, ತಳಿಯ ಹೆಸರು ಪ್ಯಾಕೆಟ್ ಮೇಲೆ ಇರಲಿ. ಮರದ ಕೆಳಗಿನ 40 ಚದರ ಮೀಟರ್‌ಗೆ ಯಾವ ಬೀಜವನ್ನೂ ಹಾಕಬೇಡಿ, ಅದಕ್ಕೆ ಬೇರೆ ದಾರಿ ಇದೆ. ಬಿತ್ತನೆಗೆ ಒಳ್ಳೆಯ ಸಮಯ ಎಂದರೆ ಚಳಿ ಕಳೆದು ನೆಲ ಬೆಚ್ಚಗಾದ ಮೇಲೆ, ಉರಿ ಬಿಸಿಲು ತಾರಕಕ್ಕೆ ಏರುವ ಮುಂಚೆ. ನಿಮಗೆ ಇಷ್ಟೇ ಸಾಕಿದ್ದರೆ ಇಲ್ಲಿಗೇ ನಿಲ್ಲಿಸಬಹುದು. ಆದರೆ ಹಣ ಕೊಟ್ಟು, ಬೆವರು ಸುರಿಸಿ ಮಾಡುವ ಕೆಲಸ ಇದು. ಏಕೆ ಎಂದು ತಿಳಿದುಕೊಂಡು ಮಾಡಿದರೆ ನಡುವೆ ಏನಾದರೂ ಏರುಪೇರು ಆದಾಗ ನೀವೇ ನಿರ್ಧಾರ ಮಾಡಬಹುದು.

ಮೊದಲು ಆ ಮಿಶ್ರಣದ ವಿಷಯ. ಲಾನ್ ಹುಲ್ಲುಗಳಲ್ಲಿ ಎರಡು ಗುಂಪುಗಳಿವೆ. ತಂಪು ಕಾಲದ ಹುಲ್ಲುಗಳಿಗೆ 16ರಿಂದ 24 ಡಿಗ್ರಿ ಹಿತ. ಕೆಂಟಕಿ ಬ್ಲೂಗ್ರಾಸ್, ರೈಗ್ರಾಸ್, ಫೆಸ್ಕ್ಯೂ ಈ ಗುಂಪಿನವು. ಬಿಸಿ ಕಾಲದ ಹುಲ್ಲುಗಳು 27ರಿಂದ 35 ಡಿಗ್ರಿಯಲ್ಲಿ ಹುರುಪಿನಿಂದ ಬೆಳೆಯುತ್ತವೆ. ಬರ್ಮುಡಾ, ಜಾಯ್ಸಿಯಾ, ಬಹಿಯಾ, ಸೆಂಟಿಪೀಡ್, ಬಫಲೋ ಹುಲ್ಲು ಎಲ್ಲ ಇಲ್ಲಿಗೆ ಸೇರುತ್ತವೆ. ‘ಬಿಸಿಲು–ನೆರಳು’ ಎಂದು ಮಾರುವ ಮಿಶ್ರಣಗಳಲ್ಲಿ ಸಾಮಾನ್ಯವಾಗಿ ಇರುವುದು ತಂಪು ಗುಂಪಿನ ಬೀಜಗಳೇ. ಆ ‘ಬಿಸಿಲು’ ತಂಪು ದೇಶದ ಬಿಸಿಲು, ನಿಮ್ಮ 40 ಡಿಗ್ರಿಯದ್ದಲ್ಲ.

ಈ ವ್ಯತ್ಯಾಸ ಬರೀ ಸಹನೆಯದ್ದಲ್ಲ, ಎಲೆಯೊಳಗಿನ ಕೆಲಸದ್ದು. ಎಲೆ ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಹಿಡಿದು ಸಕ್ಕರೆ ಮಾಡುತ್ತದೆ. ಅದನ್ನು ಹಿಡಿಯುವ ಕಿಣ್ವಕ್ಕೆ ರುಬಿಸ್ಕೊ ಎಂದು ಹೆಸರು. ಸೆಕೆ ಏರಿದಂತೆ ಈ ಕಿಣ್ವ ಡೈಆಕ್ಸೈಡ್ ಬದಲು ಆಮ್ಲಜನಕವನ್ನು ಹಿಡಿಯುವುದು ಜಾಸ್ತಿಯಾಗುತ್ತದೆ. ಆಗ ಗಿಡ ಮಾಡಿಟ್ಟ ಸಕ್ಕರೆಯಲ್ಲೇ ಒಂದಷ್ಟು ಸುಮ್ಮನೆ ಕಳೆದುಹೋಗುತ್ತದೆ. ತಂಪು ಕಾಲದ ಹುಲ್ಲಿಗೆ ಇದರಿಂದ ತಪ್ಪಿಸಿಕೊಳ್ಳುವ ದಾರಿ ಇಲ್ಲ. ಬಿಸಿ ಕಾಲದ ಹುಲ್ಲುಗಳು ಮಾತ್ರ ಇಂಗಾಲದ ಡೈಆಕ್ಸೈಡನ್ನು ಮೊದಲು ಬೇರೊಂದು ರೂಪದಲ್ಲಿ ಹಿಡಿದು, ಎಲೆಯ ಒಳಗಿನ ಕೋಶಗಳಲ್ಲಿ ದಟ್ಟವಾಗಿ ತುಂಬಿ, ಆಮೇಲೆ ರುಬಿಸ್ಕೊಗೆ ಒಪ್ಪಿಸುತ್ತವೆ. ಹಾಗಾಗಿ ನಷ್ಟ ತೀರಾ ಕಡಿಮೆ. ಅಷ್ಟೇ ನೀರಿನಲ್ಲಿ ಹೆಚ್ಚು ಬೆಳೆಯುವುದೂ ಇದರಿಂದಲೇ.

ಮಿಶ್ರಣದ ಪ್ಯಾಕೆಟ್ ಜನರನ್ನು ಮರುಳು ಮಾಡುವುದು ಇಲ್ಲೇ. ರೈಗ್ರಾಸ್ 5ರಿಂದ 7 ದಿನದಲ್ಲಿ ಮೊಳೆಯುತ್ತದೆ. ವಾರದಲ್ಲಿ ಅಂಗಳ ಹಸಿರಾಗುತ್ತದೆ, ಮನೆಯವರಿಗೆ ಖುಷಿಯೋ ಖುಷಿ. ಸೆಕೆ ಶುರುವಾದ ಮೇಲೆ ಅದು ತೆಳುವಾಗಿ, ಹಳದಿ ತಿರುಗಿ, ತೇಪೆ ತೇಪೆಯಾಗಿ ಸಾಯುತ್ತದೆ. ಜನ ನೀರು ಸಾಲಲಿಲ್ಲ ಎಂದುಕೊಂಡು ಇನ್ನಷ್ಟು ಸುರಿಯುತ್ತಾರೆ. ಬಿಸಿ ಮಣ್ಣಿನಲ್ಲಿ ಸದಾ ತೇವ ನಿಂತರೆ ಶಿಲೀಂಧ್ರ ರೋಗಕ್ಕೆ ಹಬ್ಬ. ಉಳಿದದ್ದೂ ಕೊಳೆಯುತ್ತದೆ. ಇಷ್ಟಕ್ಕೆಲ್ಲ ಕಾರಣ ನೀರಲ್ಲ, ಬೀಜದ ಆಯ್ಕೆ.

ತಂಪು ಗುಂಪಿನಲ್ಲಿ ಟಾಲ್ ಫೆಸ್ಕ್ಯೂ ಒಂದನ್ನು ಬೇರೆಯಾಗಿ ನೋಡಬೇಕು. ಅದರ ಬೇರು ಆಳಕ್ಕೆ ಇಳಿಯುತ್ತದೆ, ಸೆಕೆಯನ್ನು ತನ್ನ ಗುಂಪಿನ ಉಳಿದವುಗಳಿಗಿಂತ ಚೆನ್ನಾಗಿ ತಡೆಯುತ್ತದೆ. ಹಗಲು ಬಿಸಿಯಿದ್ದರೂ ರಾತ್ರಿ ಚೆನ್ನಾಗಿ ತಂಪಾಗುವ ಊರಾದರೆ, ಚಳಿಗಾಲ ನಿಜಕ್ಕೂ ಚಳಿಯಾಗಿದ್ದರೆ, ಅದನ್ನು ಯೋಚಿಸಬಹುದು. ರಾತ್ರಿಯೂ ಸೆಕೆ ಬಿಡದ ಊರಲ್ಲಿ ಬೇಡ. ಹುಲ್ಲನ್ನು ಸೋಲಿಸುವುದರಲ್ಲಿ ನಡು ಹಗಲಿನ ಬಿಸಿಲಿನಷ್ಟೇ ಪಾತ್ರ ಬೆಚ್ಚನೆಯ ರಾತ್ರಿಯದ್ದೂ ಇದೆ. ಹಗಲು ಗಳಿಸಿದ ಸಕ್ಕರೆಯನ್ನು ಗಿಡ ರಾತ್ರಿಯ ಉಸಿರಾಟದಲ್ಲೇ ಖರ್ಚು ಮಾಡಿಬಿಡುತ್ತದೆ.

ಈಗ ಬರ್ಮುಡಾಗೆ ಬರೋಣ. ಇದು ಬೇರೆ ಯಾವುದೋ ವಿಚಿತ್ರ ಹುಲ್ಲಲ್ಲ, ನಮಗೆ ಗೊತ್ತಿರುವ ಗರಿಕೆಯೇ. ವೈಜ್ಞಾನಿಕ ಹೆಸರು ಸೈನೊಡಾನ್ ಡ್ಯಾಕ್ಟಿಲಾನ್. ಲಾನ್‌ಗೆ ಎಂದು ಆರಿಸಿದ ತಳಿಗಳಲ್ಲಿ ಎಲೆ ಸಣ್ಣ, ಗೆಣ್ಣುಗಳು ಹತ್ತಿರ ಹತ್ತಿರ, ಬಣ್ಣ ಗಾಢ. ನೆಲದ ಮೇಲೆ ಹಂಬಿನಿಂದಲೂ ನೆಲದೊಳಗೆ ಗುಪ್ತಕಾಂಡದಿಂದಲೂ ಹಬ್ಬುತ್ತದೆ. ನಿಮ್ಮ ಮನೆಗೆ ಇದೇ ಮುಖ್ಯ. ಮಕ್ಕಳು ಓಡಾಡಿ ಸವೆದ ಜಾಗವನ್ನು, ನಾಯಿ ಕೆರೆದ ಜಾಗವನ್ನು ಅಕ್ಕಪಕ್ಕದ ಹಂಬುಗಳು ಬಂದು ತಾವೇ ಮುಚ್ಚುತ್ತವೆ. ಗುಂಪಾಗಿ ಬೆಳೆಯುವ ಫೆಸ್ಕ್ಯೂಗೆ ಆ ಶಕ್ತಿ ಇಲ್ಲ. ಅಲ್ಲಿ ಬೋಳಾದರೆ ಮತ್ತೆ ಬಿತ್ತಬೇಕು.

ತೊಂದರೆಗಳನ್ನೂ ಹೇಳಿಬಿಡುತ್ತೇನೆ. ಬರ್ಮುಡಾಗೆ ನೆರಳು ಆಗುವುದೇ ಇಲ್ಲ. ದಿನಕ್ಕೆ ಕನಿಷ್ಠ 6 ತಾಸು, ಸಾಧ್ಯವಾದರೆ 8 ತಾಸು ನೇರ ಬಿಸಿಲು ಬೇಕು. ಹೂವಿನ ಮಡಿಗೆ ನುಗ್ಗುವುದರಲ್ಲಿ ಇದನ್ನು ಮೀರಿಸುವ ಹುಲ್ಲು ಕಡಿಮೆ. ಮಡಿಯ ಅಂಚಿಗೆ 10–15 ಸೆಂಟಿಮೀಟರ್ ಆಳದ ತಡೆಯನ್ನು ಮೊದಲೇ ಹೂತಿಡಿ, ಆಮೇಲೆ ಹಾಕುವುದು ದೊಡ್ಡ ತಲೆನೋವು. ಮನೆಯಲ್ಲಿ ಹುಲ್ಲಿನ ಪರಾಗದ ಅಲರ್ಜಿ ಇರುವವರಿದ್ದರೆ ಹೂಗರಿ ಬರದಂತೆ ಆಗಾಗ ಕತ್ತರಿಸುತ್ತಿರಬೇಕು.

ಬೀಜದಿಂದ ಬರುವ ತಳಿಗಳಲ್ಲಿ ರಿವಿಯೆರಾ, ಯೂಕಾನ್, ಪ್ರಿನ್ಸೆಸ್ 77, ಸಹಾರಾ ಎಂಬ ಹೆಸರುಗಳು ಕಾಣಬಹುದು. ಇವು ಯಾವುವೂ ಸಿಗದೆ ಬರೀ ‘ಕಾಮನ್ ಬರ್ಮುಡಾ’ ಸಿಕ್ಕರೂ ಲಾನ್ ಆಗುತ್ತದೆ, ಸ್ವಲ್ಪ ಒರಟಾಗಿರುತ್ತದೆ ಅಷ್ಟೇ. ಮಕ್ಕಳು ಆಡುವ ಅಂಗಳಕ್ಕೆ ಅದರಲ್ಲಿ ತಪ್ಪೇನಿಲ್ಲ ಎಂಬುದು ನನ್ನ ಅಭಿಪ್ರಾಯ.

ಒಂದು ಎಚ್ಚರಿಕೆ. ಗಾಲ್ಫ್ ಮೈದಾನದ ಚಿತ್ರ ಹಾಕಿ ‘ಟಿಫ್‌ವೇ ಬೀಜ’ ಎಂದು ಯಾರಾದರೂ ಮಾರಿದರೆ ದುಡ್ಡು ಕೊಡಬೇಡಿ. ಟಿಫ್‌ವೇ ಅಥವಾ 419 ಎಂಬುದು ಅಮೆರಿಕದ ಜಾರ್ಜಿಯಾ ರಾಜ್ಯದ ಟಿಫ್ಟನ್‌ನಲ್ಲಿ ಗ್ಲೆನ್ ಬರ್ಟನ್ 1960ರಲ್ಲಿ ಬಿಡುಗಡೆ ಮಾಡಿದ ತಳಿ. ಗರಿಕೆಗೂ ಅದೇ ಕುಲದ ಆಫ್ರಿಕಾದ ಒಂದು ಹುಲ್ಲಿಗೂ ಹುಟ್ಟಿದ ಮಿಶ್ರತಳಿ ಅದು. ಅದರ ಕೋಶಗಳಲ್ಲಿ ವರ್ಣತಂತುಗಳ ಮೂರು ಸೆಟ್ ಇರುವುದರಿಂದ ಮೊಳೆಯುವ ಬೀಜ ಕಟ್ಟುವುದೇ ಇಲ್ಲ. ತುಂಡು ನೆಟ್ಟೋ ಹುಲ್ಲಿನ ಚಾಪೆ ಹಾಸಿಯೋ ಬೆಳೆಸಬೇಕು. ಸೇಂಟ್ ಅಗಸ್ಟೀನ್ ಹುಲ್ಲೂ ಹೀಗೇ. ಅದರ ಬೀಜ ಪೇಟೆಯಲ್ಲಿ ಸಿಗುವ ವಸ್ತುವಲ್ಲ. ಬೆರಳಿಗೆ ಮೃದುವಾಗಿ ಸಿಗುವ ಸಣ್ಣೆಲೆಯ ಜಾಯ್ಸಿಯಾಗಳನ್ನೂ ನೆಟ್ಟೇ ಬೆಳೆಸುವುದು ವಾಡಿಕೆ. ಅಂದರೆ ಬಿಸಿ ಊರಿನ ಒಳ್ಳೆಯ ಹುಲ್ಲುಗಳಲ್ಲಿ ಕೆಲವು ಬೀಜದ ಅಂಗಡಿಗೆ ಬರುವುದೇ ಇಲ್ಲ. ಇದು ಗೊತ್ತಿಲ್ಲದೆ ಪ್ಯಾಕೆಟ್‌ಗಳ ನಡುವೆ ಹುಡುಕಿ ಸುಸ್ತಾಗಬೇಡಿ.

ಬರ್ಮುಡಾ ನಿಮಗೆ ಒಗ್ಗದೇ ಇದ್ದರೆ? ಜಪಾನೀ ಜಾಯ್ಸಿಯಾ ಬೀಜದಿಂದ ಬರುತ್ತದೆ. ಜೆನಿತ್, ಕಂಪಾಡ್ರೆ ಅಂಥ ತಳಿಗಳು. ಸ್ವಲ್ಪ ನೆರಳು ತಡೆಯುತ್ತದೆ. ಒಮ್ಮೆ ಕೂಡಿಕೊಂಡ ಮೇಲೆ ಕಳೆ ನುಸುಳಲು ಜಾಗ ಕೊಡದಷ್ಟು ದಟ್ಟ. ಆದರೆ ಬಲು ನಿಧಾನ. ಮೊಳೆಯಲು 2–3 ವಾರ, ನೆಲ ಪೂರ್ತಿ ಮುಚ್ಚಲು ಒಂದು ಬೆಳೆಯುವ ಕಾಲವೋ ಎರಡೋ ಬೇಕು. ಮಕ್ಕಳು, ನಾಯಿ ಇರುವ ಮನೆಯಲ್ಲಿ ಅಷ್ಟು ದಿನ ಕಾಯುವುದು ಕಷ್ಟ, ಅಲ್ವಾ? ಮರಳು ಮಿಶ್ರಿತ ಬಡ ಮಣ್ಣು, ನೀರಿನ ಕೊರತೆ, ದೊಡ್ಡ ಜಾಗ ಇದ್ದರೆ ಬಹಿಯಾ ಒಳ್ಳೆಯದು. ಬೇರು ಬಹಳ ಆಳ. ಬೇಸಿಗೆಯಲ್ಲಿ ಮಾತ್ರ ಕವಲೊಡೆದ ಹೂಕಡ್ಡಿಗಳು ಬೇಗ ಬೇಗ ಎದ್ದು ನಿಲ್ಲುತ್ತವೆ, ಕತ್ತರಿಸುತ್ತಲೇ ಇರಬೇಕು. ಹುಳಿ ಮಣ್ಣಿಗೆ ಸೆಂಟಿಪೀಡ್. ಗೊಬ್ಬರ ಕಡಿಮೆ ಸಾಕು, ಜಾಸ್ತಿ ಹಾಕಿದರೆ ಕೆಡುತ್ತದೆ. ಸುಣ್ಣದ ಮಣ್ಣಿನಲ್ಲಿ ಕಬ್ಬಿಣ ಸಿಗದೆ ಹಳದಿಯಾಗುತ್ತದೆ. ಜನರ ಓಡಾಟವನ್ನೂ ಹೆಚ್ಚು ತಡೆಯದು. ಒಣ ಹವೆ, ಕಡಿಮೆ ಮಳೆ, ತುಳಿತವೂ ಕಡಿಮೆ ಎಂದಾದರೆ ಅಮೆರಿಕದ ಬಯಲುಗಳಿಂದ ಬಂದ ಬಫಲೋ ಹುಲ್ಲು ನೋಡಿ. ಅದರ ಬೀಜವನ್ನು ನಿದ್ದೆಯಿಂದ ಎಬ್ಬಿಸಲು ಮೊದಲೇ ಉಪಚಾರ ಮಾಡಿರಬೇಕು. ‘ಟ್ರೀಟೆಡ್’ ಎಂದು ಬರೆದಿಲ್ಲದಿದ್ದರೆ ಮೊಳಕೆಗೆ ಬಹಳ ಕಾಯಬೇಕಾಗುತ್ತದೆ. ಇನ್ನೊಂದು, ಆಸ್ಟ್ರೇಲಿಯಾದಲ್ಲಿ ಬಫಲೋ ಎಂದರೆ ಸೇಂಟ್ ಅಗಸ್ಟೀನ್. ಹಾಗಾಗಿ ಹೆಸರು ನಂಬದೆ ವೈಜ್ಞಾನಿಕ ಹೆಸರು ನೋಡಿಯೇ ಕೊಳ್ಳಿ. ನಿಮ್ಮ ನೀರಿನಲ್ಲಿ ಉಪ್ಪು ಜಾಸ್ತಿ ಇದ್ದರೆ ಸೀಶೋರ್ ಪಾಸ್ಪಾಲಮ್ ಎಲ್ಲಕ್ಕಿಂತ ಮುಂದೆ. ಬರ್ಮುಡಾ ಕೂಡ ಒಂದು ಮಟ್ಟದ ಉಪ್ಪನ್ನು ತಾಳಿಕೊಳ್ಳುತ್ತದೆ.

ಮೇಲೆ ಹೇಳಿದ ಯಾವ ಹುಲ್ಲನ್ನೂ ಇನ್ನೊಂದರ ಜೊತೆ ಬೆರೆಸಿ ಬಿತ್ತಬೇಡಿ. ತಂಪು ಕಾಲದ ಹುಲ್ಲುಗಳನ್ನು ಬೆರೆಸುವುದಕ್ಕೆ ಅರ್ಥ ಇದೆ. ಬಿಸಿ ಕಾಲದವುಗಳಲ್ಲಿ ಒಂದೊಂದರ ಎಲೆ, ಬಣ್ಣ, ಓಟದ ವೇಗ ಬೇರೆ ಬೇರೆ. ಲಾನ್ ಮಚ್ಚೆ ಮಚ್ಚೆಯಾಗಿ ಕಾಣುತ್ತದೆ, ಕೊನೆಗೆ ಒಂದು ಇನ್ನೊಂದನ್ನು ನುಂಗುತ್ತದೆ.

ಹುಲ್ಲು ಯಾವುದು ಎಂದು ತೀರ್ಮಾನವಾದ ಮೇಲೆ ಪ್ಯಾಕೆಟ್ ತಿರುಗಿಸಿ. ಮುಂದೆ ಇರುವುದು ಚಿತ್ರ, ಹಿಂದೆ ಇರುವುದು ಮಾಲು. ಅಲ್ಲಿ ತಳಿಯ ಹೆಸರು, ಶುದ್ಧ ಬೀಜದ ಪಾಲು, ಮೊಳಕೆಯ ಪ್ರಮಾಣ, ಕಳೆ ಬೀಜ, ಬೇರೆ ಬೆಳೆಯ ಬೀಜ, ಜಡವಸ್ತು, ಪರೀಕ್ಷೆ ಮಾಡಿದ ತಿಂಗಳು ಇರಬೇಕು. ಇವೆಲ್ಲ ಇಲ್ಲದ ಬಿಡಿ ಬೀಜ ಎಷ್ಟೇ ಅಗ್ಗವಾದರೂ ಬೇಡ. ಒಂದು ಹಿಡಿ ಕಳೆ ಬೀಜ ಕೊಂಡು ತಂದು ವರ್ಷಗಟ್ಟಲೆ ಕೀಳುವ ಕೆಲಸ ಯಾರಿಗೆ ಬೇಕು?

ಲೆಕ್ಕ ಹೀಗೆ ಮಾಡಿ. ಶುದ್ಧತೆ 98 ಪರ್ಸೆಂಟ್, ಮೊಳಕೆ 85 ಪರ್ಸೆಂಟ್ ಎಂದು ಬರೆದಿದೆ ಎನ್ನಿ. ಎರಡನ್ನೂ ಗುಣಿಸಿದರೆ ಸುಮಾರು 83. ಅಂದರೆ ಒಂದು ಕಿಲೋದಲ್ಲಿ ಜೀವ ಇರುವ ಬರ್ಮುಡಾ ಬೀಜ 830 ಗ್ರಾಂ. ಈಗ ಇನ್ನೊಂದು ಪ್ಯಾಕೆಟ್ ನೋಡಿ. ಬೀಜ ಬಣ್ಣ ಬಣ್ಣವಾಗಿ, ದಪ್ಪಗೆ, ಗುಂಡಗೆ ಕಾಣುತ್ತದೆ. ಅದು ಲೇಪನ ಹಚ್ಚಿದ ಬೀಜ. ಬರ್ಮುಡಾದಲ್ಲಿ ಲೇಪನವೇ ತೂಕದ ಅರ್ಧದಷ್ಟು ಇರುವುದುಂಟು. ಹಿಂಭಾಗದಲ್ಲಿ ಜಡವಸ್ತು 50 ಪರ್ಸೆಂಟ್, ಶುದ್ಧ ಬೀಜ 49 ಪರ್ಸೆಂಟ್ ಎಂದು ಇರುತ್ತದೆ. ಅದೇ 85ರ ಮೊಳಕೆ ಹಿಡಿದರೂ ಜೀವ ಇರುವ ಬೀಜ ಕಿಲೋಗೆ 416 ಗ್ರಾಂ ಚಿಲ್ಲರೆ. ಲೇಪನ ಮೋಸ ಅಲ್ಲ. ಅದು ತೇವ ಹಿಡಿಯುತ್ತದೆ, ಬೀಜವನ್ನು ಸಮನಾಗಿ ಎರಚಲು ಸುಲಭವಾಗುತ್ತದೆ. ಆದರೆ ಎರಡು ಪ್ಯಾಕೆಟ್‌ಗಳ ಬೆಲೆಯನ್ನು ಬರೀ ಕಿಲೋ ಲೆಕ್ಕದಲ್ಲಿ ಹೋಲಿಸಿದರೆ ಎಡವುತ್ತೀರಿ. ಜೀವ ಇರುವ ಬೀಜದ ಲೆಕ್ಕದಲ್ಲಿ ಹೋಲಿಸಿ.

ಹೊಟ್ಟಿನ ವಿಷಯವೂ ಇಲ್ಲೇ ಬರುತ್ತದೆ. ಹೊಟ್ಟು ತೆಗೆದ ಬರ್ಮುಡಾ ಬೀಜ ಬೆಚ್ಚಗಿನ ನೆಲದಲ್ಲಿ 1–2 ವಾರದಲ್ಲಿ ಮೊಳೆಯುತ್ತದೆ. ಹೊಟ್ಟು ಇರುವ ಬೀಜ ಅದಕ್ಕಿಂತ ನಿಧಾನ, ಒಂದೇ ಸಲ ಮೊಳೆಯುವುದೂ ಇಲ್ಲ. ದಿನಕ್ಕೆ ಹಲವು ಸಲ ನೀರು ಚಿಮುಕಿಸುವ ಕೆಲಸ ಒಂದು ವಾರ ಕಡಿಮೆಯಾದರೆ ನಿಮಗೆ ಅದೇ ಲಾಭ.

ಪರೀಕ್ಷೆಯ ದಿನಾಂಕ ಹಳೆಯದಾಗಿದ್ದರೆ, ಅಥವಾ ಬೀಜ ಬಿಸಿ ಗೋದಾಮಿನಲ್ಲಿ ಇತ್ತೇನೋ ಎಂಬ ಅನುಮಾನ ಇದ್ದರೆ, ಮನೆಯಲ್ಲೇ ಪರೀಕ್ಷಿಸಿ. ಒದ್ದೆ ಮಾಡಿ ಹಿಂಡಿದ ಕಾಗದದ ಟವೆಲ್ ಮೇಲೆ 100 ಬೀಜ ಎಣಿಸಿ ಇಡಿ. ಪ್ಲಾಸ್ಟಿಕ್ ಚೀಲದೊಳಗೆ ಸೇರಿಸಿ, 25–30 ಡಿಗ್ರಿ ಇರುವ, ಬೆಳಕು ಬೀಳುವ ಆದರೆ ನೇರ ಬಿಸಿಲು ತಾಗದ ಜಾಗದಲ್ಲಿ ಇಡಿ. ಎರಡು ವಾರದ ಕೊನೆಗೆ ಮೊಳೆತವನ್ನು ಎಣಿಸಿ. 80 ಮೊಳೆತರೆ ಚೆನ್ನಾಗಿದೆ. 50 ಮೊಳೆತರೆ ಬೀಜ ಒಂದೂವರೆ ಪಟ್ಟಿಗಿಂತ ತುಸು ಹೆಚ್ಚು ಬೇಕು. 30ಕ್ಕಿಂತ ಕಡಿಮೆಯಾದರೆ ವಾಪಸ್ ಕೊಡಿ.

ಎಷ್ಟು ಬೇಕು ಎಂದು ಕೇಳಿದ್ದೀರಿ. ಲೇಪನವಿಲ್ಲದ, ಹೊಟ್ಟು ತೆಗೆದ ಬರ್ಮುಡಾ ಚದರ ಮೀಟರ್‌ಗೆ 5ರಿಂದ 10 ಗ್ರಾಂ. ನಾನು 8 ಹಿಡಿಯುತ್ತೇನೆ. ನಿಮ್ಮ 80 ಚದರ ಮೀಟರ್‌ಗೆ 640 ಗ್ರಾಂ ಆಯಿತು. ಅರ್ಧ ತೂಕ ಲೇಪನವೇ ಇದ್ದರೆ ಒಂದೂಕಾಲು ಕಿಲೋ ತನ್ನಿ. ಇಷ್ಟು ದೊಡ್ಡ ಜಾಗಕ್ಕೆ ಇಷ್ಟೇ ಸಾಕಾ ಎಂದು ಅನಿಸಬಹುದು. ಬೀಜ ಎಷ್ಟು ಸಣ್ಣದು ಎಂದರೆ ಒಂದು ಕಿಲೋದಲ್ಲಿ ಸುಮಾರು 40 ಲಕ್ಷ ಬೀಜ ಇರುತ್ತವೆ. 8 ಗ್ರಾಂ ಹಾಕಿದರೆ ಒಂದು ಚದರ ಸೆಂಟಿಮೀಟರ್‌ಗೆ, ಅಂದರೆ ನಿಮ್ಮ ಕಿರುಬೆರಳ ಉಗುರಿನಷ್ಟು ಜಾಗಕ್ಕೆ, 3 ಬೀಜ ಬೀಳುತ್ತವೆ. ಅದಕ್ಕಿಂತ ದಟ್ಟವಾಗಿ ಹಾಕಿದರೆ ಸಸಿಗಳು ಒಂದನ್ನೊಂದು ಒತ್ತಿ, ಸೊರಗಿ, ರೋಗ ಹಿಡಿಯುತ್ತವೆ. ಹಂಬು ಓಡಿ ಜಾಗ ತುಂಬುವ ಹುಲ್ಲಿಗೆ ಬೀಜ ಸುರಿಯುವ ಅಗತ್ಯ ಇಲ್ಲ. ಹೋಲಿಕೆಗೆ ಹೇಳುವುದಾದರೆ ಟಾಲ್ ಫೆಸ್ಕ್ಯೂಗೆ 30–40 ಗ್ರಾಂ ಬೇಕು, ಬಹಿಯಾಗೆ 25–50, ಸೆಂಟಿಪೀಡ್‌ಗೆ ಬರೀ 1ರಿಂದ 2.5.

ಯಾವಾಗ ಎಂಬುದನ್ನು ಕ್ಯಾಲೆಂಡರ್ ನೋಡಿ ಅಲ್ಲ, ನೆಲ ನೋಡಿ ಹೇಳಬೇಕು. ಮಣ್ಣಿನ ಥರ್ಮಾಮೀಟರನ್ನು ಬೆಳಗ್ಗೆ 5 ಸೆಂಟಿಮೀಟರ್ ಆಳಕ್ಕೆ ಚುಚ್ಚಿ. ಒಂದು ವಾರ ಸತತ 18–20 ಡಿಗ್ರಿ ದಾಟಿದರೆ ಬಿತ್ತಬಹುದು. 24 ದಾಟಿದರೆ ಇನ್ನೂ ಒಳ್ಳೆಯದು. ಚಳಿಗಾಲ ಇರುವ ಊರಾದರೆ ಚಳಿ ಬರುವ ಮುನ್ನ 2–3 ತಿಂಗಳ ಬೆಳವಣಿಗೆ ಸಿಗುವಂತೆ ನೋಡಿಕೊಳ್ಳಿ. 40 ಡಿಗ್ರಿಯ ದಿನಗಳಲ್ಲಿ ಬೀಜಕ್ಕೆ ಬಿಸಿ ತೊಂದರೆಯಲ್ಲ, ಮೇಲ್ಮಣ್ಣು ಗಂಟೆಯೊಳಗೆ ಒಣಗುವುದು ತೊಂದರೆ. ಹಾಗೆಯೇ ಜಡಿಮಳೆ ನಿರೀಕ್ಷೆ ಇದ್ದಾಗ ಬಿತ್ತಿದರೆ ಬೀಜವೆಲ್ಲ ಕೊಚ್ಚಿ ತಗ್ಗಿಗೆ ಸೇರುತ್ತದೆ.

ನೆಲದ ಕೆಲಸಕ್ಕೆ ಬೀಜಕ್ಕಿಂತ ಜಾಸ್ತಿ ದಿನ ಕೊಡಿ. ಕಲ್ಲು, ಕಟ್ಟಡದ ಚೂರು ತೆಗೆಯಿರಿ. 10–15 ಸೆಂಟಿಮೀಟರ್ ಆಳಕ್ಕೆ ಅಗೆದು ಚೆನ್ನಾಗಿ ಕಳಿತ ಗೊಬ್ಬರ ಬೆರೆಸಿ. ಮನೆಯ ಗೋಡೆಯಿಂದ ಹೊರಕ್ಕೆ ಪ್ರತಿ ಮೀಟರ್‌ಗೆ 1–2 ಸೆಂಟಿಮೀಟರ್ ಇಳಿಜಾರು ಕೊಡಿ. ಮಣ್ಣು ಪರೀಕ್ಷೆ ಮಾಡಿಸಿ. ಪಿಎಚ್ 6ರಿಂದ 7 ಇದ್ದರೆ ಬರ್ಮುಡಾಗೆ ಸರಿ. ಸುಣ್ಣ ಹಾಕಬೇಕೋ ಬೇಡವೋ ಎಂಬುದನ್ನು ಆ ವರದಿ ಹೇಳಲಿ, ಅಕ್ಕಪಕ್ಕದವರ ಅನುಭವವಲ್ಲ.

ಹೊರಗಿನ ಮಣ್ಣು ತರಿಸುವುದಾದರೆ ಲಾರಿಯಿಂದ ಇಳಿಸುವ ಮುಂಚೆ ಒಂದು ಬುಟ್ಟಿ ಜರಡಿ ಹಿಡಿದು ನೋಡಿ. ಗಟ್ಟಿಯಾದ, ಕಪ್ಪು ಕಂದು ಬಣ್ಣದ ಸಣ್ಣ ಗಡ್ಡೆಗಳು ಸಿಕ್ಕರೆ ಅದು ಜೇಕು. ಆ ಮಣ್ಣು ಬೇಡವೇ ಬೇಡ. ಜೇಕು ಒಮ್ಮೆ ಲಾನ್‌ಗೆ ಬಂದರೆ ಮೇಲಿನ ಎಲೆ ಕಿತ್ತರೂ ಗಡ್ಡೆ ಕೆಳಗೆ ಉಳಿದು ಮತ್ತೆ ಚಿಗುರುತ್ತದೆ.

ಅಗೆದ ಕೂಡಲೇ ಬಿತ್ತಬೇಡಿ. ನೆಲ ಸಮ ಮಾಡಿ, ನೀರು ಹಾಕಿ 2–3 ವಾರ ಕಾಯಿರಿ. ಅಗೆಯುವಾಗ ಮೇಲೆ ಬಂದ ಕಳೆ ಬೀಜಗಳೆಲ್ಲ ಮೊಳೆಯುತ್ತವೆ. ಅವನ್ನು ಮೇಲ್ಮೇಲೆ ಕೆರೆದು ತೆಗೆಯಿರಿ, ಮತ್ತೆ ಆಳಕ್ಕೆ ಅಗೆಯಬೇಡಿ. ಸಮಯ ಇದ್ದರೆ ಇದನ್ನು ಎರಡು ಸಲ ಮಾಡಿ. ಇಡೀ ಕೆಲಸದಲ್ಲಿ ಜನ ಬಿಟ್ಟುಬಿಡುವ ಹಂತ ಇದು, ಆಮೇಲೆ ಪಶ್ಚಾತ್ತಾಪ ಪಡುವುದೂ ಇದಕ್ಕೇ. ಕಳೆ ಮೊಳೆಯದಂತೆ ಮಾಡುವ ಔಷಧಿಯನ್ನು ಮಾತ್ರ ಈಗ ಹಾಕಬೇಡಿ. ಅದಕ್ಕೆ ಕಳೆ ಬೀಜ ಯಾವುದು, ನಿಮ್ಮ ಬೀಜ ಯಾವುದು ಎಂಬ ಭೇದ ಇಲ್ಲ.

ಬಿತ್ತುವ ದಿನ ನೆಲದ ಮೇಲೆ ನಡೆದು ನೋಡಿ. ಹೆಜ್ಜೆ ಸುಮಾರು 1 ಸೆಂಟಿಮೀಟರ್ ಇಳಿದರೆ ಹದ ಸರಿ. ಪಾದ ಮುಳುಗಿದರೆ ರೋಲರ್ ಎಳೆಯಿರಿ. ಬೀಜಕ್ಕೆ ನಾಲ್ಕೈದು ಪಟ್ಟು ಒಣ ಮರಳು ಬೆರೆಸಿ ಎರಡು ಪಾಲು ಮಾಡಿ. ಒಂದು ಪಾಲನ್ನು ಉದ್ದಕ್ಕೆ ನಡೆಯುತ್ತಾ, ಇನ್ನೊಂದನ್ನು ಅಡ್ಡಕ್ಕೆ ನಡೆಯುತ್ತಾ ಎರಚಿ. ಗಾಳಿ ಇಲ್ಲದ ಬೆಳಗಿನ ಹೊತ್ತು ಒಳ್ಳೆಯದು. ಆಮೇಲೆ ಕುಂಟೆಯ ಹಲ್ಲು ನೆಲಕ್ಕೆ ತಾಗಿಯೂ ತಾಗದಂತೆ ಹಗುರವಾಗಿ ಎಳೆಯಿರಿ. ಬೀಜ 3ರಿಂದ 6 ಮಿಲಿಮೀಟರ್‌ಗಿಂತ ಆಳಕ್ಕೆ ಹೋಗಬಾರದು. ಕೆಲವು ಬೀಜ ಮೇಲೆಯೇ ಕಾಣುತ್ತಿದ್ದರೆ ಗಾಬರಿ ಬೇಡ. ಕೊನೆಗೆ ಖಾಲಿ ರೋಲರ್ ಒಂದು ಸಲ ಎಳೆದು ಬೀಜವನ್ನು ಮಣ್ಣಿಗೆ ಅಂಟಿಸಿ. ಒಣ ಹುಲ್ಲನ್ನು ತೆಳ್ಳಗೆ ಹರಡಬಹುದು, ಅರ್ಧ ನೆಲ ಕಾಣುತ್ತಿರಬೇಕು. ಇರುವೆ ಸಾಲು ಇದೆಯೇ ನೋಡಿ, ಅವು ಬೀಜವನ್ನು ಸದ್ದಿಲ್ಲದೆ ಸಾಗಿಸಿಬಿಡುತ್ತವೆ.

ಇನ್ನು ಮುಂದಿನ ಎರಡು ಮೂರು ವಾರ ನೀರಿನದ್ದೇ ಕೆಲಸ. ನೆನೆದು ಬಾಯಿ ಬಿಟ್ಟ ಬೀಜ ಒಂದು ಮಧ್ಯಾಹ್ನ ಒಣಗಿದರೆ ಸತ್ತಂತೆಯೇ, ಅದು ಮತ್ತೆ ಏಳುವುದಿಲ್ಲ. ದಿನಕ್ಕೆ 3–4 ಸಲ, ಬಿಸಿಲು ಜೋರಿದ್ದರೆ 5 ಸಲ, ಸಣ್ಣ ಹನಿಯಲ್ಲಿ ಸ್ವಲ್ಪ ಸ್ವಲ್ಪ ಚಿಮುಕಿಸಿ. ಗಡಿಯಾರ ನೋಡಬೇಡಿ, ಬೆರಳಿಡಿ. ಬೆರಳ ತುದಿಗೆ ಒದ್ದೆ ಮಣ್ಣಿನ ಕಣ ಅಂಟಿದರೆ ಇನ್ನೂ ತೇವ ಇದೆ. ಒಣ ಪುಡಿಯಷ್ಟೇ ತಾಗಿದರೆ ನೀರಿನ ಹೊತ್ತಾಯಿತು. ನೀರು ಹರಿಯಲು ಶುರುವಾದರೆ ನಿಲ್ಲಿಸಿ.

ಮೊದಲು ಅಲ್ಲೊಂದು ಇಲ್ಲೊಂದು ಕಡೆ ಹಸಿರು ಕಾಣುತ್ತದೆ. 21 ದಿನ ಆಗುವ ತನಕ ಮರುಬಿತ್ತನೆ ಬೇಡ. ಸಸಿಗಳು ಸುಮಾರು 3 ಸೆಂಟಿಮೀಟರ್ ಆದ ಮೇಲೆ ನೀರಿನ ಸಲ ಕಡಿಮೆ ಮಾಡಿ, ಪ್ರತಿ ಸಲದ ಪ್ರಮಾಣ ಹೆಚ್ಚಿಸುತ್ತಾ ಹೋಗಿ. ಬೇರು ಕೆಳಕ್ಕೆ ಇಳಿಯಬೇಕಾದರೆ ನೀರೂ ಕೆಳಕ್ಕೆ ಇಳಿದಿರಬೇಕು. ಬೆಳೆದು ನಿಂತ ಲಾನ್‌ಗೆ ವಾರಕ್ಕೆ ಸುಮಾರು 25 ಮಿಲಿಮೀಟರ್ ನೀರು, ಮಳೆ ಬಂದರೆ ಅದನ್ನೂ ಸೇರಿಸಿ. ಒಂದು ಚದರ ಮೀಟರ್ ಮೇಲೆ 1 ಮಿಲಿಮೀಟರ್ ಎಂದರೆ 1 ಲೀಟರ್. ನಿಮ್ಮ 80 ಚದರ ಮೀಟರ್‌ಗೆ ವಾರಕ್ಕೆ 2000 ಲೀಟರ್ ಆಯಿತು. ಈ ಲೆಕ್ಕವನ್ನು ಬೀಜ ಕೊಳ್ಳುವ ಮುಂಚೆಯೇ ಮನೆಯಲ್ಲಿ ಕೂತು ಮಾತಾಡಿ. ಅಷ್ಟು ನೀರು ಬೇಸಿಗೆಯಲ್ಲಿ ಸಿಗದಿದ್ದರೆ ಲಾನನ್ನೇ ಚಿಕ್ಕದು ಮಾಡಿ. 40 ಚದರ ಮೀಟರ್ ಗಟ್ಟಿ ಹುಲ್ಲು 80 ಚದರ ಮೀಟರ್ ಬಡಕಲು ಹುಲ್ಲಿಗಿಂತ ಮಕ್ಕಳಿಗೆ ಹೆಚ್ಚು ಉಪಯೋಗ. ಬರ್ಮುಡಾ ಬರ ಬಂದರೆ ಕಂದಾಗಿ ನಿದ್ದೆಗೆ ಜಾರಿ ನೀರು ಸಿಕ್ಕಾಗ ಮತ್ತೆ ಚಿಗುರುತ್ತದೆ ನಿಜ. ಆದರೆ ಆ ಶಕ್ತಿ ಬೇರು ಬಿಟ್ಟ ಲಾನ್‌ಗೆ, ಮೊದಲ ವರ್ಷದ ಸಸಿಗಳಿಗಲ್ಲ.

ಹುಲ್ಲು 5–6 ಸೆಂಟಿಮೀಟರ್ ಆದಾಗ ಮೊದಲ ಸಲ 4 ಸೆಂಟಿಮೀಟರ್‌ಗೆ ಕತ್ತರಿಸಿ. ನೆಲ ಒಣಗಿರಲಿ, ಅಲಗು ಹರಿತ ಇರಲಿ, ಇಲ್ಲದಿದ್ದರೆ ಸಸಿ ಕಿತ್ತು ಬರುತ್ತದೆ. ಒಂದು ಸಲಕ್ಕೆ ಎತ್ತರದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ತೆಗೆಯಬಾರದು. ಕತ್ತರಿಸಿದಷ್ಟೂ ಬರ್ಮುಡಾ ಅಡ್ಡಕ್ಕೆ ಹಬ್ಬುತ್ತದೆ. ಮೊಳೆತು ಸುಮಾರು 4 ವಾರಕ್ಕೆ ಚದರ ಮೀಟರ್‌ಗೆ 5 ಗ್ರಾಂನಷ್ಟು ಯೂರಿಯಾ ಎರಚಿ ಕೂಡಲೇ ನೀರು ಹಾಕಿ. ಎಲೆ ಮೇಲೆ ಉಳಿದರೆ ಸುಡುತ್ತದೆ. ಕಳೆನಾಶಕದ ಯೋಚನೆಯನ್ನು 3–4 ಸಲ ಕತ್ತರಿಸಿದ ಮೇಲೆ ಮಾಡಿ, ಅಲ್ಲಿಯ ತನಕ ಕೈಯಲ್ಲೇ ಕೀಳಿ. ಮಕ್ಕಳನ್ನೂ ನಾಯಿಯನ್ನೂ ಎರಡು ತಿಂಗಳಾದರೂ ಹೊರಗಿಡಿ. ಒಂದು ಹಗ್ಗ ಕಟ್ಟಿದರೆ ಮಕ್ಕಳು ಕೇಳುತ್ತಾರೆ, ನಾಯಿಗೆ ಜಾಲರಿಯೇ ಬೇಕು. ಮುಂದೆ ನಾಯಿ ಮೂತ್ರ ಮಾಡಿದ ಜಾಗಕ್ಕೆ ಆಗಲೇ ಒಂದು ಬಕೆಟ್ ನೀರು ಸುರಿದರೆ ಸುಟ್ಟ ಕಲೆ ಬೀಳುವುದು ಕಡಿಮೆ.

ಇನ್ನು ಮರದ ಕೆಳಗಿನ ಜಾಗ. ಹುಲ್ಲು ಬೆಳೆಯುವ ಕಾಲದಲ್ಲಿ ಒಂದು ದಿನ ಬೆಳಗಿನಿಂದ ಸಂಜೆಯ ತನಕ ಗಂಟೆಗೊಮ್ಮೆ ನೋಡಿ ಎಲ್ಲೆಲ್ಲಿ ಬಿಸಿಲು ಬಿದ್ದಿದೆ ಎಂದು ಗುರುತು ಹಾಕಿ. ಕೆಳಗಿನ ಕೊಂಬೆಗಳನ್ನು ಸವರಿದ ಮೇಲೆ 4 ತಾಸು ಬಿಸಿಲು ಸಿಗುವ ಭಾಗ ಇದ್ದರೆ ಅಲ್ಲಿ ಸೇಂಟ್ ಅಗಸ್ಟೀನ್ ತುಂಡುಗಳನ್ನು 30 ಸೆಂಟಿಮೀಟರ್ ಅಂತರದಲ್ಲಿ ನೆಡಬಹುದು. ಪೂರ್ತಿ 40 ಚದರ ಮೀಟರ್‌ಗೆ ಸುಮಾರು 440 ತುಂಡು ಬೇಕು. ಅದನ್ನು 6–10 ಸೆಂಟಿಮೀಟರ್ ಎತ್ತರ ಬಿಟ್ಟೇ ಕತ್ತರಿಸಬೇಕು. ಅಷ್ಟೂ ಬಿಸಿಲು ಇಲ್ಲದ ಕಡೆ ಹುಲ್ಲಿನ ಆಸೆ ಬಿಟ್ಟುಬಿಡಿ. ಅಲ್ಲಿ ಬೆಳಕಿಗೂ ನೀರಿಗೂ ಮರದ ಜೊತೆ ಪೈಪೋಟಿ ಮಾಡಿ ಗೆಲ್ಲುವ ಹುಲ್ಲು ಇಲ್ಲ. ಮರದ ಚಕ್ಕೆಯನ್ನೋ ಒಣ ಎಲೆಯನ್ನೋ 5–7 ಸೆಂಟಿಮೀಟರ್ ದಪ್ಪ ಹಾಸಿ, ಬುಡಕ್ಕೆ ಮಾತ್ರ ತಾಗದಂತೆ ಒಂದು ಗೇಣು ಬಿಡಿ. ಮರಕ್ಕೂ ಒಳ್ಳೆಯದು, ಮಕ್ಕಳಿಗೆ ಕೂರಲು ನೆರಳೂ ಆಯಿತು.

ನಿಮ್ಮ ಊರಲ್ಲಿ ಚಳಿಗಾಲಕ್ಕೆ ಮಣ್ಣು 10 ಡಿಗ್ರಿಗಿಂತ ತಂಪಾಗುವುದಾದರೆ ಬರ್ಮುಡಾ ಒಣಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ. ಸತ್ತಿಲ್ಲ, ಮಲಗಿದೆ. ಆ ತಿಂಗಳುಗಳಲ್ಲೂ ಹಸಿರೇ ಬೇಕು ಎನ್ನುವವರು ಅದರ ಮೇಲೆ ರೈಗ್ರಾಸ್ ಬಿತ್ತುತ್ತಾರೆ. ಹಳೆಯ ಲಾನ್‌ಗೆ ಅದು ಸರಿ. ನೀವು ಮೊದಲ ವರ್ಷ ಬಿತ್ತಬೇಡಿ. ಬೇಸಿಗೆ ಮರಳಿದಾಗ ರೈಗ್ರಾಸ್ ಇನ್ನೂ ನಿಂತಿದ್ದರೆ ಎಳೆಯ ಬರ್ಮುಡಾಗೆ ಬೆಳಕೂ ನೀರೂ ಸಿಗದೆ ಚಿಗುರು ತಡವಾಗುತ್ತದೆ.